ಷರಾ ಕಲಮಿನ ಹಕ್ಕಿಗಳು

ಬೆಳಿಗ್ಗೆ ಏಳು ಗಂಟೆಗೆ ಮಳೆ ಅಳೆಯುವುದು ನನ್ನ ದಿನದ ಮೊದಲ ಕೆಲಸ. ತೋಟದ ಆಫೀಸಿನ ಮುಂದೆ, ಮರದ ಹನಿ ಬೀಳದ ಬಯಲಲ್ಲಿ ಮಳೆಮಾಪಕ ನೆಟ್ಟಿದೆ. ಒಳಗಿನ ನೀರನ್ನು ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಪುಸ್ತಕದಲ್ಲಿ ಬರೆಯಬೇಕು. ಕೊಡಗಿನ ತೋಟಗಳಲ್ಲಿ ಇವತ್ತಿಗೂ ಮಳೆಯ ಲೆಕ್ಕ ಇಂಚು ಮತ್ತು ಸೆಂಟಿನಲ್ಲೇ. ನೂರು ಸೆಂಟಿಗೆ ಒಂದು ಇಂಚು. ಬೇಸಿಗೆಯ ಒಂದು ಮಳೆ ಬಿದ್ದರೆ ಸಾಕು, "ನಿಮ್ಮಲ್ಲಿ ಎಷ್ಟು ಸೆಂಟು?" ಎಂದು ಸುತ್ತಲಿನ ತೋಟಗಳಿಂದ ಫೋನು ಶುರುವಾಗುತ್ತದೆ.

ಆ ಪುಸ್ತಕದಲ್ಲಿ ತಾರೀಕು, ಇಂಚು, ಸೆಂಟು, ಇಲ್ಲಿಯವರೆಗಿನ ಒಟ್ಟು ಎಂದು ಕಲಂಗಳಿವೆ. ಕೊನೆಯದು ಷರಾ, ಅಂದರೆ ವಿಶೇಷವೇನಾದರೂ ಇದ್ದರೆ ಬರೆಯುವ ಜಾಗ. ನಾನು ಕೆಲಸಕ್ಕೆ ಸೇರಿದಾಗ ಹಿಂದಿನವರು ಬರೆದಿಟ್ಟ ಹಳೆಯ ಪುಸ್ತಕಗಳನ್ನು ತಿರುವಿ ಹಾಕಿದ್ದೆ. ಷರಾ ಕಲಮಿನಲ್ಲಿ ಎಲ್ಲೋ ಒಂದೆರಡು ಕಡೆ "ಗಾಳಿ", "ಆಲಿಕಲ್ಲು" ಎಂದಿತ್ತು. ಮಿಕ್ಕಂತೆ ವರ್ಷಗಟ್ಟಲೆ ಖಾಲಿ. ನನ್ನ ಚಿತ್ರಗಳು ಮತ್ತೆ ಹುಟ್ಟಿದ್ದು ಆ ಖಾಲಿ ಕಲಮಿನಲ್ಲಿ.

ನಾನು ಸಿದ್ದಾಪುರದ ಹತ್ತಿರದ ಒಂದು ರೊಬಸ್ಟಾ ಕಾಫಿ ತೋಟದಲ್ಲಿ ರೈಟರ್. ಹೊರಗಿನವರಿಗೆ ಹೇಳಬೇಕೆಂದರೆ, ತೋಟದ ರೈಟರ್ ಎಂದರೆ ಆಳುಗಳ ಹಾಜರಿ, ಚೆಕ್‌ರೋಲ್, ಗೊಬ್ಬರದ ಮೂಟೆ, ಕಣದಲ್ಲಿ ಒಣಗುವ ಕಾಫಿಯ ತೂಕ ಎಲ್ಲದರ ಲೆಕ್ಕ ಇಡುವವನು. ಹುಟ್ಟಿದ್ದು ಶನಿವಾರಸಂತೆಯ ಕಡೆ. ಅಲ್ಲಿ ಅಪ್ಪನ ಗದ್ದೆಯ ಬದುವಿನಲ್ಲಿ ಕೂತು ಸ್ಲೇಟಿನ ಮೇಲೆ ಕೊಕ್ಕರೆ ಬರೆಯುತ್ತಿದ್ದ ನೆನಪು ಇನ್ನೂ ಹಸಿಯಾಗಿದೆ. ಸ್ಲೇಟಿನಲ್ಲಿ ಬರೆದದ್ದು ಸಂಜೆಗೆ ಅಳಿಯುತ್ತಿತ್ತು, ಮರುದಿನ ಮತ್ತೆ ಬರೆಯುತ್ತಿದ್ದೆ. ಅಳಿಯಿತಲ್ಲ ಎಂಬ ದುಃಖ ಆಗ ಒಂದು ದಿನವೂ ಆಗಿರಲಿಲ್ಲ.

ಕೆಲಸ ಸಿಕ್ಕಿ ನಾಲ್ಕು ಕಾಸು ಕೈಯಲ್ಲಿ ಆಡತೊಡಗಿದ ಮೇಲೆ ಕ್ಯಾಮಲ್ ಬಣ್ಣದ ಪೆಟ್ಟಿಗೆ ತಂದೆ. ಕ್ಯಾಲೆಂಡರಿನ ಹಕ್ಕಿ, ಪತ್ರಿಕೆಯ ಹಕ್ಕಿ, ಗ್ರೀಟಿಂಗ್ ಕಾರ್ಡಿನ ಹಕ್ಕಿ, ಕಂಡದ್ದನ್ನೆಲ್ಲ ಚೌಕುಳಿ ಹಾಕಿ ಇಳಿಸಿದೆ. ಚೆನ್ನಾಗಿಯೇ ಬರುತ್ತಿದ್ದವು. ನೋಡಿದವರು ಹೊಗಳುತ್ತಿದ್ದರು. 2005ರಲ್ಲಿ ಒಂದು ಸಣ್ಣ ಪ್ರದರ್ಶನಕ್ಕೆ ಆರು ಚಿತ್ರ ಕೊಟ್ಟೆ. ನೋಡಲು ಬಂದಿದ್ದ ಹಿರಿಯ ಕಲಾವಿದರೊಬ್ಬರು ಒಂದೊಂದರ ಮುಂದೆಯೂ ನಿಂತು, ಕೊನೆಗೆ ಮೆಲ್ಲಗೆ, "ಇದು ಹಕ್ಕಿಯ ಚಿತ್ರ ಅಲ್ಲಪ್ಪ, ಚಿತ್ರದ ಚಿತ್ರ" ಎಂದರು. ಗದರಿಸಲಿಲ್ಲ, ಹಂಗಿಸಲೂ ಇಲ್ಲ. ಆದರೂ ಆ ಮಾತು ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ಉಳಿಯಿತು. ಮನೆಗೆ ಬಂದು ಪೆಟ್ಟಿಗೆಯನ್ನು ಅಟ್ಟಕ್ಕೆ ಹಾಕಿದವನು ಹನ್ನೊಂದು ವರ್ಷ ಇಳಿಸಲಿಲ್ಲ.

2016ರ ಏಪ್ರಿಲ್. ಕಾಫಿಯ ಹೂ ಅರಳಿಸುವ ಹೂಮಳೆಯ ನಂತರ ವಾರಗಟ್ಟಲೆ ಆಕಾಶ ಬತ್ತಿಹೋಗಿತ್ತು. ಪುಸ್ತಕದಲ್ಲಿ ದಿನವೂ ಸೊನ್ನೆ ಬರೆದು ಬರೆದು ಕೈ ಸೋತಿತ್ತು. ಒಂದು ಬೆಳಿಗ್ಗೆ ಮಳೆಮಾಪಕದ ಬೇಲಿಗೂಟದ ಮೇಲೆ ಗಂಡು ಮಡಿವಾಳ ಹಕ್ಕಿ ಬಂದು ಕೂತು, ಬಾಲ ನಿಗುರಿಸಿ, ಎದೆಯುಬ್ಬಿಸಿ ಹಾಡತೊಡಗಿತು. ಮಳೆ ಇಲ್ಲ ಎಂಬ ಚಿಂತೆ ಅದಕ್ಕಿರಲಿಲ್ಲ. ಕೈಯಲ್ಲಿ ಪೆನ್ಸಿಲ್ ಇತ್ತು, ಎದುರಿಗೆ ಖಾಲಿ ಷರಾ ಇತ್ತು. ಆರು ಗೆರೆ ಎಳೆದೆ: ಬೆನ್ನಿಗೊಂದು, ಹೊಟ್ಟೆಗೊಂದು, ಬಾಲಕ್ಕೆರಡು, ಕೊಕ್ಕು, ಗೂಟ. ಹೆಬ್ಬೆರಳ ಉಗುರಿನಷ್ಟು ಚಿತ್ರ. ಹಕ್ಕಿ ಹಾರಿತು, ನಾನು ಹಾಜರಿ ಕರೆಯಲು ಹೋದೆ. ಮರುದಿನವೂ ಸೊನ್ನೆ ಬರೆದೆ, ಪಕ್ಕದಲ್ಲಿ ಇನ್ನೊಂದು ಹಕ್ಕಿ.

ತಿಂಗಳ ಕೊನೆಗೆ ಸಾಹುಕಾರರು ಪುಸ್ತಕ ತರಿಸಿ ನೋಡಿದರು. ಬೈಗುಳಕ್ಕೆ ಸಿದ್ಧನಾಗಿ ಕೈಕಟ್ಟಿ ನಿಂತಿದ್ದೆ. ಅವರು ಕನ್ನಡಕ ಸರಿಮಾಡಿಕೊಂಡು, "ರೈಟ್ರೇ, ಹದಿನೇಳನೇ ತಾರೀಕಿಂದು ಯಾವ ಹಕ್ಕಿ?" ಎಂದು ಕೇಳಿದರು. ಕುಟ್ರು ಹಕ್ಕಿ ಎಂದೆ. "ಅದೇ ಅಂದ್ಕೊಂಡೆ" ಎಂದು ಪುಟ ತಿರುಗಿಸಿದರು. ಹನ್ನೊಂದು ವರ್ಷದ ಹಿಂದಿನ ಆ ಮುಳ್ಳು ಅವತ್ತು ಸ್ವಲ್ಪ ಸಡಿಲವಾಯಿತು.

ಕುಟ್ರು ಹಕ್ಕಿಯ ವಿಷಯ ಬಂದದ್ದರಿಂದ ಅದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನನಗೆ ನೋಡುವುದನ್ನು ಕಲಿಸಿದ್ದು ಅದೇ. ಬೇಸಿಗೆಯಲ್ಲಿ ತೋಟದ ತುಂಬ ಅದರ ಕುಟ್ರೂ ಕುಟ್ರೂ ಎಂಬ ಕೂಗು. ಒಂದು ನಿಲ್ಲಿಸಿದರೆ ಇನ್ನೊಂದು ಎತ್ತಿಕೊಳ್ಳುತ್ತದೆ. ಮೈಯೆಲ್ಲ ಎಲೆಯ ಹಸಿರಾದ್ದರಿಂದ ಕೂಗು ಕೇಳಿದಷ್ಟು ಸುಲಭವಾಗಿ ಹಕ್ಕಿ ಕಾಣುವುದಿಲ್ಲ. ನಾನು ಅದರ ಕಾಲನ್ನು ಎಲ್ಲ ಹಕ್ಕಿಗಳ ಹಾಗೆ ಮುಂದೆ ಮೂರು ಬೆರಳು, ಹಿಂದೆ ಒಂದು ಎಂದು ಬರೆಯುತ್ತಾ ಬಂದಿದ್ದೆ. ಒಂದು ದಿನ ಆಫೀಸಿನ ಹಿಂದಿನ ಅತ್ತಿಮರದಲ್ಲಿ ಹಣ್ಣು ಕೀಳುತ್ತಿದ್ದ ಕುಟ್ರು ಸಾಕಷ್ಟು ಕೆಳಗಿನ ಕೊಂಬೆಗೇ ಇಳಿದಿತ್ತು. ಮುಂದೆ ಎರಡೇ ಬೆರಳು. ಮತ್ತೆ ಎಣಿಸಿದೆ. ಮುಂದೆ ಎರಡು, ಹಿಂದೆ ಎರಡು. ಆಮೇಲೆ ಗಿಳಿಯನ್ನು ನೋಡಿದೆ, ಮರಕುಟಿಗ ನೋಡಿದೆ, ಕೆಂಬೂತ ನೋಡಿದೆ. ಎಲ್ಲವೂ ಹಾಗೆಯೇ, ಎರಡು ಮುಂದೆ ಎರಡು ಹಿಂದೆ. ಮಿಂಚುಳ್ಳಿಯ ಮುಂದಿನ ಬೆರಳುಗಳಂತೂ ಬುಡದಲ್ಲಿ ಒಂದಕ್ಕೊಂದು ಅಂಟಿಕೊಂಡೇ ಇವೆ. ಹುಟ್ಟಿದಾಗಿನಿಂದ ಈ ಹಕ್ಕಿಗಳ ಕೆಳಗೇ ಓಡಾಡಿದವನು ನಾನು. ಪೆನ್ಸಿಲ್ ಹಿಡಿದು ಕೂತು, ಈಗ ಕಾಲು ಬರೆಯಬೇಕು ಎಂಬ ಘಳಿಗೆ ಬರುವವರೆಗೆ ಅವುಗಳ ಕಾಲನ್ನೇ ನೋಡಿರಲಿಲ್ಲ.

ಆ ಹಿರಿಯರು ಹೇಳಿದ "ಚಿತ್ರದ ಚಿತ್ರ" ಎಂದರೆ ಏನೆಂದು ಅವತ್ತು ಅರ್ಥವಾಯಿತು. ಫೋಟೋ ನೋಡಿ ಬರೆಯುವಾಗ ನೋಡುವ ಕೆಲಸವನ್ನು ಬೇರೆ ಯಾರೋ ಮುಗಿಸಿರುತ್ತಾರೆ. ಎಲ್ಲಿ ನಿಲ್ಲಬೇಕು, ಯಾವ ಕ್ಷಣ ಹಿಡಿಯಬೇಕು, ಏನು ಬಿಡಬೇಕು ಎಲ್ಲವನ್ನೂ ಅವರೇ ತೀರ್ಮಾನಿಸಿದ್ದಾರೆ. ನಮಗೆ ಉಳಿಯುವುದು ಕೈಕೆಲಸ. ಕೈಕೆಲಸವೂ ಬೇಕು, ನಾನು ಅದನ್ನು ಹಗುರ ಮಾಡುವುದಿಲ್ಲ, ಕೈ ಪಳಗಿದ್ದು ಅಲ್ಲೇ. ಆದರೆ ಹವ್ಯಾಸಿಗೆ ಹುರುಪು ಹುಟ್ಟುವುದು ನೋಡುವ ಕಡೆಯಿಂದ. ಬರೀ ಕೈಕೆಲಸ ಉಳಿದಾಗ ಅದು ನಿಧಾನಕ್ಕೆ ಒಣಗುತ್ತದೆ. ನನ್ನ ಆರು ಒಳ್ಳೆಯ ನಕಲುಗಳಲ್ಲಿ ಒಂದೂ ಈಗ ನನ್ನ ಹತ್ತಿರವಿಲ್ಲ. ಮಳೆ ಪುಸ್ತಕದ ಸೊಟ್ಟ ಹಕ್ಕಿಗಳನ್ನು ಮಾತ್ರ ಇವತ್ತು ತೆಗೆದರೂ ಆ ಬೆಳಗಿನ ಚಳಿ ಎಷ್ಟಿತ್ತೆಂದು ಹೇಳಬಲ್ಲೆ.

ಜಹಾಂಗೀರನ ಆಸ್ಥಾನದಲ್ಲಿ ಉಸ್ತಾದ್ ಮನ್ಸೂರ್ ಎಂಬ ಚಿತ್ರಕಾರನಿದ್ದ. ಹಕ್ಕಿ, ಪ್ರಾಣಿ, ಹೂಗಳನ್ನು ಬರೆಯುವುದರಲ್ಲಿ ಅವನಿಗೆ ಸಾಟಿಯಿರಲಿಲ್ಲ. ಬಾದಶಹನೇ ಅವನಿಗೆ ನಾದಿರ್-ಉಲ್-ಅಸ್ರ್, ಅಂದರೆ ತನ್ನ ಕಾಲದ ಅಪರೂಪ, ಎಂಬ ಬಿರುದು ಕೊಟ್ಟಿದ್ದ. ಅವನದೆಂದು ಹೇಳುವ ಒಂದು ಡೋಡೋ ಹಕ್ಕಿಯ ಚಿತ್ರವಿದೆ. ಡೋಡೋ ಮಾರಿಷಸ್ಸಿನದು, ಅದೇ ಶತಮಾನದಲ್ಲಿ ಭೂಮಿಯಿಂದಲೇ ಅಳಿದುಹೋಯಿತು. ಯುರೋಪಿನವರು ಬರೆದ ಹಲವು ಡೋಡೋಗಳು ಊದಿಕೊಂಡ ಹಾಗಿವೆ. ಮನ್ಸೂರನ ಡೋಡೋ ಅಷ್ಟು ದಪ್ಪವಿಲ್ಲ, ನಡೆಯುವ ಹಕ್ಕಿಯ ಮೈ ಅದಕ್ಕಿದೆ. ಜೀವಂತ ಹಕ್ಕಿಯನ್ನು ನೋಡಿ ಬರೆದದ್ದೆಂದು ಬಲ್ಲವರು ಅದನ್ನು ನಂಬುತ್ತಾರೆ. ಇನ್ನೊಂದು ಕಡೆ ಅಮೆರಿಕದ ಜಾನ್ ಜೇಮ್ಸ್ ಆಡುಬನ್. 1827ರಿಂದ 1838ರವರೆಗೆ 435 ಫಲಕಗಳನ್ನು ಅಚ್ಚು ಹಾಕಿಸಿದ ದೊಡ್ಡ ಮನುಷ್ಯ. ಪ್ರತಿ ಹಕ್ಕಿಯೂ ನಿಜಗಾತ್ರದಲ್ಲೇ ಇರಬೇಕೆಂದು ಅವನ ಹಟ. ರಾಜಹಂಸದಂಥ ಉದ್ದ ಕತ್ತಿನ ಹಕ್ಕಿ ಕಾಗದದಲ್ಲಿ ಹಿಡಿಸಲೆಂದು ಅದರ ಕತ್ತನ್ನು ಕೆಳಕ್ಕೆ ಬಾಗಿಸಿ ಬರೆದ. ಆದರೆ ಅವನು ಹಕ್ಕಿಯನ್ನು ಹೊಡೆದು, ತಂತಿ ಚುಚ್ಚಿ, ಬೇಕಾದ ಭಂಗಿಗೆ ನಿಲ್ಲಿಸಿಕೊಂಡು ಬರೆಯುತ್ತಿದ್ದವನು. ಆ ಕಾಲದ ರೂಢಿ ಹಾಗಿತ್ತು ಎಂದು ಒಪ್ಪುತ್ತೇನೆ, ಆ ಚಿತ್ರಗಳ ಸೊಬಗನ್ನೂ ಒಪ್ಪುತ್ತೇನೆ. ನನಗೆ ಬೇಕಾದ ಗುರು ಮಾತ್ರ ಮನ್ಸೂರನೇ.

ಜೀವಂತ ಹಕ್ಕಿ ಒಂದು ಕಡೆ ನಿಲ್ಲುವುದಿಲ್ಲ. ಹೊಸಬರನ್ನು ಸೋಲಿಸುವುದೇ ಇದು. ನಾನು ಕಂಡುಕೊಂಡ ದಾರಿ ಹೀಗೆ: ಒಂದೇ ಹಾಳೆಯಲ್ಲಿ ನಾಲ್ಕೈದು ಚಿತ್ರ ಒಟ್ಟಿಗೆ ಶುರುಮಾಡುತ್ತೇನೆ. ಹಕ್ಕಿ ಎಡಕ್ಕೆ ತಿರುಗಿದರೆ ಒಂದು, ಬಾಗಿದರೆ ಇನ್ನೊಂದು, ಗರಿ ತೀಡಿಕೊಂಡರೆ ಮತ್ತೊಂದು. ಯಾವುದೂ ಮುಗಿಯುವುದಿಲ್ಲ. ಆದರೆ ಹಕ್ಕಿಗೂ ಅದರದೇ ಅಭ್ಯಾಸಗಳಿವೆ, ಸ್ವಲ್ಪ ಹೊತ್ತಿಗೆ ಮೊದಲಿನ ಭಂಗಿಗೇ ಮರಳುತ್ತದೆ. ಆಗ ಮೊದಲಿನ ಚಿತ್ರಕ್ಕೆ ಹೋಗಿ ಇನ್ನೆರಡು ಗೆರೆ ಸೇರಿಸುವುದು. ಕೊಕ್ಕಿನಿಂದ ಶುರು ಮಾಡಬಾರದು. ಬೆನ್ನಿನ ಓರೆ ಮೊದಲು, ಆಮೇಲೆ ತಲೆ ಎಲ್ಲಿ ಕೂರುತ್ತದೆ, ಬಾಲ ಎಲ್ಲಿ ಮುಗಿಯುತ್ತದೆ. ಕಣ್ಣು ಕೊನೆಗೆ. ಹಾರಿಹೋದ ಮೇಲೆ ನೆನಪಿನಿಂದ ತುಂಬಿಸುವ ಆಸೆಯಾಗುತ್ತದೆ, ನಾನು ತುಂಬಿಸುವುದಿಲ್ಲ. ಕಾಣದ್ದು ಖಾಲಿಯೇ ಇರಲಿ, ನಾಳೆ ನೋಡಬೇಕಾದ್ದು ಏನೆಂದು ಆ ಖಾಲಿ ಜಾಗವೇ ಹೇಳುತ್ತದೆ.

ಇನ್ನೊಂದು ಮಾತು ನಮ್ಮ ಕಡೆಯವರಿಗೆ ಮಾತ್ರ. ಮುಂಜಾನೆ ಮಬ್ಬಿನಲ್ಲಿ ಹಕ್ಕಿ ನೋಡಲು ತೋಟಕ್ಕೆ ಒಬ್ಬರೇ ಇಳಿಯಬೇಡಿ. ಸಿದ್ದಾಪುರದ ಸುತ್ತ ಆನೆಗಳು ತೋಟದೊಳಗೇ ಹಗಲು ಕಳೆಯುತ್ತವೆ, ಕಾಫಿ ಗಿಡದ ಮರೆಯಲ್ಲಿ ಇಪ್ಪತ್ತು ಅಡಿ ದೂರದಲ್ಲಿದ್ದರೂ ಗೊತ್ತಾಗುವುದಿಲ್ಲ. ನಾನು ಬೆಳಕು ಹರಿದ ಮೇಲೆ, ಎಲ್ಲಿ ಆನೆ ಇದೆಯೆಂದು ಆಳುಗಳಿಂದ ಕೇಳಿ ತಿಳಿದುಕೊಂಡೇ ಹೋಗುವುದು. ಬೆಳಕು ಹರಿಯದೆ ಬಣ್ಣವೂ ಕಾಣುವುದಿಲ್ಲವಲ್ಲ.

ಬಣ್ಣ. ಇದರ ಬಗ್ಗೆ ಬರೆಯಲು ಕೂತರೆ ಊಟದ ಹೊತ್ತೂ ಮರೆಯುತ್ತದೆ.

ಅಟ್ಟದಿಂದ ಪೆಟ್ಟಿಗೆ ಇಳಿಸಿದಾಗ ಬಿಲ್ಲೆಗಳೆಲ್ಲ ಬಿರುಕು ಬಿಟ್ಟಿದ್ದವು. ನೀರು ಚಿಮುಕಿಸಿದೆ, ಎದ್ದು ಕೂತವು. ಮೊದಲು ಹಿಡಿದದ್ದು ಗದ್ದೆ ಮಿಂಚುಳ್ಳಿಯ ಬೆನ್ನಿನ ನೀಲಿ. ಏನು ಬೆರೆಸಿದರೂ ಅದು ಬಾರದು. ಒಂದು ದಿನ ಕೆರೆಯ ಏರಿಯ ಮೇಲೆ ಅದರದೇ ಉದುರಿದ ಗರಿ ಸಿಕ್ಕಿತು. ಅಂಗೈಯಲ್ಲಿಟ್ಟರೆ ಹೊಳೆಯುವ ನೀಲಿ. ಎತ್ತಿ ಸೂರ್ಯನಿಗೆ ಅಡ್ಡ ಹಿಡಿದರೆ ಮಂಕು ಕಂದು. ಆಮೇಲೆ ಓದಿ ತಿಳಿದೆ: ಹಕ್ಕಿಗಳ ನೀಲಿಯು ಬಣ್ಣದ ಪುಡಿಯಿಂದ ಬಂದದ್ದಲ್ಲ. ಗರಿಯ ಎಳೆಯೊಳಗಿನ ಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವ ರೀತಿಯಿಂದ ಅದು ನೀಲಿಯಾಗಿ ಕಾಣುತ್ತದೆ. ಗರಿಯನ್ನು ಅರೆದು ಪುಡಿ ಮಾಡಿದರೆ ನೀಲಿಯೇ ಇರುವುದಿಲ್ಲ. ಗಿಳಿಯ ಹಸಿರಿನಲ್ಲೂ ಅರ್ಧ ಇದೇ ಆಟ: ಬೆಳಕಿನ ನೀಲಿಗೆ ಗರಿಯೊಳಗಿನ ಹಳದಿ ಸೇರಿ ಹಸಿರು. ಹೊನ್ನಕ್ಕಿಯ ಹಳದಿ ಹಾಗಲ್ಲ. ಅದು ತಿಂದ ಆಹಾರದಿಂದ ಮೈಗೆ ಸೇರಿದ ನಿಜವಾದ ಬಣ್ಣ. ಇದು ತಿಳಿದ ಮೇಲೆ ನೀಲಿಗೆ ಬೇರೆ ಬಣ್ಣ ಹುಡುಕುವುದನ್ನು ಬಿಟ್ಟೆ. ಬೆಳಕು ಎಲ್ಲಿಂದ ಬೀಳುತ್ತಿದೆ ಎಂದು ನೋಡತೊಡಗಿದೆ. ನೀಲಿಯ ಪಕ್ಕದ ಕಂದನ್ನು ಗಾಢ ಮಾಡಿ, ನೀಲಿಯ ನಡುವೆ ಒಂದು ಗೆರೆ ಕಾಗದದ ಬಿಳಿಯನ್ನೇ ಬಿಟ್ಟರೆ, ಅದೇ ಹಳೆಯ ಬಿಲ್ಲೆಯ ನೀಲಿ ತಾನಾಗಿ ಹೊಳೆಯುತ್ತದೆ.

ಸಿಳ್ಳಾರ ಇದಕ್ಕಿಂತ ಕಷ್ಟ. ಮಳೆ ಹಿಡಿದ ಮೇಲೆ ತೋಡಿನ ಕಡೆಯಿಂದ, ನಸುಕಿನಲ್ಲಿ, ದಾರಿಹೋಕನೊಬ್ಬ ರಾಗ ಮರೆತು ಸಿಳ್ಳೆ ಹಾಕುತ್ತಾ ನಡೆದ ಹಾಗೆ ಕೇಳುತ್ತದೆ ಅದರ ಹಾಡು. ನೆರಳಿನಲ್ಲಿ ಕೂತರೆ ಬರೀ ಕಪ್ಪು ಹಕ್ಕಿ. ಒಂದು ಹೆಜ್ಜೆ ಬೆಳಕಿಗೆ ಬಂದರೆ ಹಣೆಯಲ್ಲೂ ಹೆಗಲಲ್ಲೂ ನೀಲಿ ಮಿಂಚುತ್ತದೆ. ನಾನು ಪೆಟ್ಟಿಗೆಯ ಕಪ್ಪನ್ನು ಮುಟ್ಟುವುದಿಲ್ಲ, ಅದು ಚಿತ್ರವನ್ನು ಸಾಯಿಸುತ್ತದೆ. ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನಾ ಬೆರೆಸಿದರೆ ಜೀವವಿರುವ ಕಪ್ಪು ಸಿಗುತ್ತದೆ. ಸಿಳ್ಳಾರಕ್ಕೆ ನೀಲಿ ಹೆಚ್ಚು, ಕಾಜಾಣಕ್ಕೆ ಎರಡೂ ಸಮ. ಕೆಂಬೂತದ ರೆಕ್ಕೆಗೆ ನಾನು ಬಳಸುವುದು ನಮ್ಮದೇ ತೋಟದ ಕಾಫಿಯ ಗಟ್ಟಿ ಡಿಕಾಕ್ಷನ್. ಮೂರು ಸಲ ಒಣಗಿಸಿ ಒಣಗಿಸಿ ಹಚ್ಚಿದರೆ ಆ ಇಟ್ಟಿಗೆ ಕಂದಿನ ಬುಡಕ್ಕೆ ಬೇಕಾದ ಬೆಚ್ಚಗಿನ ಬಣ್ಣ ಬರುತ್ತದೆ.

ಬಣ್ಣ ಹಚ್ಚಿಕೊಳ್ಳುವ ಹಕ್ಕಿಯೂ ಇದೆ ಎಂದರೆ ನಂಬುತ್ತೀರಾ? ವಿರಾಜಪೇಟೆಯಿಂದ ಕೇರಳದ ಕಡೆ ಇಳಿಯುವ ಮಾಕುಟ್ಟದ ರಸ್ತೆಯಲ್ಲಿ ಒಮ್ಮೆ ಬಸ್ಸು ಕೆಟ್ಟು ನಿಂತಿತ್ತು. ಎಲ್ಲರೂ ಇಳಿದು ಗೊಣಗುತ್ತಿದ್ದೆವು. ಮೇಲಿನಿಂದ ಉಗಿಬಂಡಿ ಏದುಸಿರು ಬಿಟ್ಟ ಹಾಗೆ ಸದ್ದು ಬಂತು. ತಲೆಯೆತ್ತಿದರೆ ದೊಡ್ಡ ಮಂಗಟ್ಟೆ, ಕಣಿವೆಯ ಮೇಲೆ ರೆಕ್ಕೆ ಬಡಿಯುತ್ತಾ ದಾಟುತ್ತಿತ್ತು. ಕೊಕ್ಕಿನ ಹಳದಿ ಬಿಸಿಲಿಗೆ ಹೊಳೆಯಿತು. ಆ ಹಳದಿಯಲ್ಲಿ ಹೆಚ್ಚಿನ ಪಾಲು ಅದು ತಾನೇ ಬಳಿದುಕೊಂಡದ್ದು. ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿಯೊಂದಿದೆ. ಅದಕ್ಕೆ ಕೊಕ್ಕು ತಿಕ್ಕಿ, ಆ ಹಳದಿ ಎಣ್ಣೆಯನ್ನು ಕೊಕ್ಕಿಗೂ ತಲೆಯ ಮೇಲಿನ ಶಿರಸ್ತ್ರಾಣಕ್ಕೂ ರೆಕ್ಕೆಯ ಬಿಳಿ ಪಟ್ಟೆಗೂ ಹಚ್ಚಿಕೊಳ್ಳುತ್ತದೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಕಾಡಿನಲ್ಲಿ ದಿನವೂ ತನ್ನ ಬಣ್ಣದ ಪೆಟ್ಟಿಗೆ ತೆರೆದು ಕೂರುವ ಇನ್ನೊಂದು ಜೀವವಿದೆ ಎಂಬುದು ನನಗೆ ಎಷ್ಟು ಧೈರ್ಯ ಕೊಟ್ಟಿತೆಂದು ಹೇಳಲಾರೆ.

ಮಳೆಗಾಲದಲ್ಲಿ ಕಾಗದವೇ ದೊಡ್ಡ ತಲೆನೋವು. ಜೂನ್ ಮಧ್ಯದ ಹೊತ್ತಿಗೆ ಹಾಳೆ ಬೂಸ್ಟು ಹಿಡಿಯುತ್ತದೆ, ಬಣ್ಣ ಹಚ್ಚಿದರೆ ಹತ್ತಿಯ ಹಾಗೆ ಹೀರುತ್ತದೆ. ಮಲೆನಾಡಿನ ಮನೆಗಳಲ್ಲಿ ಬಟ್ಟೆಯ ಬೀರುವಿನೊಳಗೆ ಬಲ್ಬು ಉರಿಸಿಡುತ್ತಾರಲ್ಲ, ಹಾಗೆ ನಾನೂ ಸಣ್ಣ ಕಪಾಟಿನಲ್ಲಿ ಕಾಗದದ ಜೊತೆ ಒಂದು ಬಲ್ಬು ಇಟ್ಟಿದ್ದೇನೆ. ಮನೆಯವಳು ರೇಷ್ಮೆ ಸೀರೆಗಳನ್ನೂ ಅಲ್ಲಿಗೇ ತಂದಿಟ್ಟಿದ್ದಾಳೆ. ಮೂರು ನೂರು ಜಿಎಸ್‌ಎಮ್ ದಪ್ಪದ ಹತ್ತಿ ಕಾಗದವನ್ನು ಅಂಚೆಯಲ್ಲಿ ತರಿಸುತ್ತೇನೆ. ಕೈ ಬಿಗಿ ಇರುವ ತಿಂಗಳು ಹಳೆಯ ಲೆಡ್ಜರಿನ ಖಾಲಿ ಪುಟಗಳೇ ಗತಿ. ಮಳೆಗಾಲಕ್ಕೂ ಅದರದೇ ಉಪಕಾರವಿದೆ. ಮಾರ್ಚಿಯಲ್ಲಿ ಬಣ್ಣ ಹರಡುವ ಮೊದಲೇ ಒಣಗಿ ಅಂಚು ಕಟ್ಟುತ್ತದೆ. ಜುಲೈಯಲ್ಲಿ ಒಂದು ಗಂಟೆಯಾದರೂ ಹಸಿ ಆರದು. ಸಿಲ್ವರ್ ಓಕ್ ಮರಗಳ ನಡುವಿನ ಮಂಜನ್ನು ಬರೆಯಲು ಅದಕ್ಕಿಂತ ಒಳ್ಳೆಯ ಕಾಲ ಇಲ್ಲ.

ಹುರುಪು ಉಳಿಸಿಕೊಳ್ಳುವುದು ಹೇಗೆ ಎಂದು ನನ್ನನ್ನು ಕೇಳುವವರಿದ್ದಾರೆ. ಹೆಚ್ಚಿನವರು ನನ್ನ ವಯಸ್ಸಿನವರು, ಚಿಕ್ಕಂದಿನಲ್ಲಿ ಬರೆಯುತ್ತಿದ್ದು ನಡುವೆ ಬಿಟ್ಟವರು. ಅವರಿಗೆ ನಾನು ಕಾಫಿಯ ಮಾತಿನಲ್ಲೇ ಹೇಳುತ್ತೇನೆ. ಫೆಬ್ರವರಿ ಮಾರ್ಚಿಯಲ್ಲಿ ಹೂಮಳೆ ಬರುತ್ತದೆ. ಎಂಟು ಹತ್ತು ದಿನದಲ್ಲಿ ತೋಟವೆಲ್ಲ ಬೆಳ್ಳಗೆ, ಮಲ್ಲಿಗೆಯಂಥ ಘಮ. ನೋಡಲು ಬಂದವರು ಫೋಟೋ ತೆಗೆದುಕೊಂಡು ಹೋಗುತ್ತಾರೆ. ತೋಟದವನ ಕಣ್ಣು ಮಾತ್ರ ಅದಾದ ಎರಡು ಮೂರು ವಾರಕ್ಕೆ ಬರಬೇಕಾದ ಬ್ಯಾಕಿಂಗ್ ಮಳೆಯ ಮೇಲೆ. ಬ್ಯಾಕಿಂಗ್ ಬಾರದಿದ್ದರೆ ಕಚ್ಚಿದ ಕಾಯಿ ನಿಲ್ಲುವುದಿಲ್ಲ. ಆಸೆ ಹುಟ್ಟುವುದು ಹೂಮಳೆ. ಒಂದು ಒಳ್ಳೆಯ ಪ್ರದರ್ಶನ ನೋಡಿದರೆ, ಹೊಸ ಪೆಟ್ಟಿಗೆ ಕೊಂಡರೆ, ಯಾರೋ ಹೊಗಳಿದರೆ ಅದು ತಾನಾಗಿ ಬಂದುಬಿಡುತ್ತದೆ. ನನಗೆ ಬ್ಯಾಕಿಂಗ್ ಆದದ್ದು ಆ ಏಳು ಗಂಟೆಯ ಷರಾ. ಮನಸ್ಸಿರಲಿ ಇಲ್ಲದಿರಲಿ ಮಳೆ ಅಳೆಯಲೇಬೇಕು, ಅಳೆಯಲು ಹೋದಮೇಲೆ ತಲೆಯೆತ್ತಿ ನೋಡಲೇಬೇಕು. ನಿಮಗೆ ಹಾಲು ತರುವ ದಾರಿಯಿರಬಹುದು, ಬಸ್ಸು ಕಾಯುವ ಹತ್ತು ನಿಮಿಷವಿರಬಹುದು. ಈಗಾಗಲೇ ತಪ್ಪದೆ ಮಾಡುತ್ತಿರುವ ಕೆಲಸಕ್ಕೆ ಚಿತ್ರವನ್ನು ಗಂಟು ಹಾಕಿ.

ಹೊಗಳಿಕೆಯ ವಿಷಯದಲ್ಲಿ ನಾನು ಸ್ವಲ್ಪ ಬಿಗಿ. ಎರಡು ವರ್ಷ ಪ್ರತಿ ಚಿತ್ರವನ್ನೂ ವಾಟ್ಸಾಪಿನಲ್ಲಿ ಹಾಕುತ್ತಿದ್ದೆ. ನವರಂಗ ಹಾಕಿದರೆ ನೂರು ಜನ ಮೆಚ್ಚುತ್ತಿದ್ದರು. ಪಿಕಳಾರ ಹಾಕಿದರೆ ಹತ್ತು. ನನಗೇ ತಿಳಿಯದೆ ನಾನು ಬಣ್ಣಬಣ್ಣದ ಹಕ್ಕಿಗಳನ್ನೇ ಹುಡುಕತೊಡಗಿದ್ದೆ. ಅಂಗಳದ ಪಿಕಳಾರ ಜುಟ್ಟು ಅಲ್ಲಾಡಿಸುತ್ತಾ ಎದುರಿಗೇ ಕೂತಿದ್ದರೂ ಪೆನ್ಸಿಲ್ ಎತ್ತಿರಲಿಲ್ಲ. ಅದು ಗಮನಕ್ಕೆ ಬಂದ ದಿನವೇ ಹಾಕುವುದನ್ನು ನಿಲ್ಲಿಸಿದೆ. ಈಗ ವರ್ಷಕ್ಕೊಮ್ಮೆ, ಪುತ್ತರಿಯ ಸಮಯದಲ್ಲಿ, ನಾಲ್ಕು ಗೆಳೆಯರು ಮನೆಗೆ ಬಂದಾಗ ಪುಸ್ತಕಗಳನ್ನೇ ಕೈಗೆ ಕೊಡುತ್ತೇನೆ.

ಇನ್ನು ಆ ತಾರೆಮರದ ಕತೆ. ನಮ್ಮ ತೋಟದ ಮೇಲಿನ ಬ್ಲಾಕಿನಲ್ಲಿ ಹಳೆಯ ತಾರೆಮರವೊಂದಿದೆ. ಎರಡು ವರ್ಷದ ಹಿಂದೆ ಮಾರ್ಚಿಯಲ್ಲಿ ಅದರ ಕಾಂಡದ ಪೊಟರೆಗೆ ಗಂಡು ಮಂಗಟ್ಟೆ, ಶಿರಸ್ತ್ರಾಣವಿಲ್ಲದ ನಮ್ಮ ಘಟ್ಟದ ಬೂದು ಮಂಗಟ್ಟೆ, ಮತ್ತೆ ಮತ್ತೆ ಬರುವುದು ಕಂಡಿತು. ಹೆಣ್ಣು ಪೊಟರೆಯೊಳಗೆ ಕೂತು ಬಾಯಿಯನ್ನು ತನ್ನ ಹಿಕ್ಕೆಯಿಂದಲೇ ಮೆತ್ತಿ ಮುಚ್ಚಿಕೊಂಡಿತ್ತು, ಒಂದು ಸೀಳು ಮಾತ್ರ ಉಳಿಸಿ. ಒಳಗಿರುವಾಗ ಅದರ ರೆಕ್ಕೆಯ ಗರಿಗಳೂ ಉದುರಿಹೋಗುತ್ತವೆ. ಹೊಸವು ಬರುವವರೆಗೆ ಹಾರಲಾರದು. ಗಂಡು ಗಂಟಲ ತುಂಬ ಅತ್ತಿ, ಗೋಣಿಹಣ್ಣು ತುಂಬಿಕೊಂಡು ಬಂದು, ಒಂದೊಂದೇ ಹಣ್ಣನ್ನು ಕೊಕ್ಕಿನ ತುದಿಗೆ ತಂದು, ಆ ಸೀಳಿನಲ್ಲಿ ಕೊಡುತ್ತಿತ್ತು. ಗಂಡು ಸತ್ತರೆ ಒಳಗಿನವರೂ ಉಳಿಯುವುದು ಕಷ್ಟ. ನಾನು ದಿನವೂ ಮಧ್ಯಾಹ್ನದ ಊಟದ ಬಿಡುವಿನಲ್ಲಿ, ದೂರದ ಬಳಂಜಿ ಮರದ ಬುಡದಲ್ಲಿ ಕೂತು ಬರೆದೆ.

ಏಪ್ರಿಲಿನಲ್ಲಿ ಮರ ಕಪಾತು ಶುರುವಾಯಿತು. ಮಳೆಗಾಲಕ್ಕೆ ಮುಂಚೆ ನೆರಳಿನ ಮರಗಳ ಕೊಂಬೆ ಇಳಿಸಿ ಬೆಳಕು ಬಿಡದಿದ್ದರೆ ಕಾಫಿಗೆ ಕೊಳೆರೋಗ ಹತ್ತುತ್ತದೆ. ಆದ್ದರಿಂದ ಕಪಾತು ತಪ್ಪಿಸುವ ಹಾಗಿಲ್ಲ. ಕಪಾತಿಗೂ ಮಂಗಟ್ಟೆಯ ಮರಿಗೂ ಒಂದೇ ಕಾಲ. ಸಾಹುಕಾರರ ಹತ್ತಿರ ಪುಸ್ತಕ ತೆಗೆದುಕೊಂಡು ಹೋದೆ. ಹತ್ತೊಂಬತ್ತು ದಿನದ ಹತ್ತೊಂಬತ್ತು ಪುಟ. ಅವರು ಒಂದೊಂದೇ ತಿರುವಿ ನೋಡಿ, "ಎಷ್ಟು ದಿನ ಬೇಕು ರೈಟ್ರೇ?" ಎಂದರು. ಮಳೆ ಹಿಡಿಯುವ ಮೊದಲು ಹೊರಗೆ ಬರುತ್ತವೆ ಎಂದೆ. ಮರ ಹತ್ತುವ ಹಿರಿಯರು ಪಕ್ಕದಲ್ಲೇ ನಿಂತಿದ್ದರು. "ಆ ಮರ ನಾನೂ ಹತ್ತೂದಿಲ್ಲ ಅಂತ ಹೇಳೋಕಂತಲೇ ಬಂದೆ" ಎಂದರು. ಆ ವರ್ಷ ಆ ಮರವನ್ನೂ ಅದರ ಸುತ್ತಲ ನಾಲ್ಕು ಮರಗಳನ್ನೂ ಬಿಟ್ಟೆವು.

ಅದೇ ಹೊತ್ತಿಗೆ ಆ ಹುಡುಗಿ ನನ್ನ ಬೆನ್ನಿನ ಹಿಂದೆ ಬಂದು ನಿಲ್ಲತೊಡಗಿದ್ದಳು. ಅಸ್ಸಾಮಿನಿಂದ ಕೆಲಸಕ್ಕೆ ಬಂದು ನಮ್ಮ ಲೈನ್ ಮನೆಯಲ್ಲಿದ್ದವರ ಮಗಳು, ಒಂಬತ್ತು ಹತ್ತು ವರ್ಷ. ಶಾಲೆಯಲ್ಲಿ ಕಲಿತ ಕನ್ನಡ ಇನ್ನೂ ತೊದಲು. ಮೊದಲ ದಿನ ಪೊಟರೆಯ ಕಡೆ ಬೆರಳು ತೋರಿಸಿ, "ಧನೇಶ್" ಎಂದಳು. ಅವರ ಭಾಷೆಯಲ್ಲಿ ಮಂಗಟ್ಟೆಗೆ ಧನೇಶ್ ಎನ್ನುತ್ತಾರೆ. ಎರಡು ಸಾವಿರ ಕಿಲೋಮೀಟರಿನ ಆಚೆಗಿನ ಕಾಡಿನಲ್ಲೂ ಇದರ ಬಂಧುಗಳಿದ್ದಾರೆ, ಅವಕ್ಕೂ ಯಾರೋ ಹೆಸರಿಟ್ಟು ಕರೆಯುತ್ತಾರೆ ಎಂಬುದು ನನಗೆ ಆವರೆಗೆ ಹೊಳೆದೇ ಇರಲಿಲ್ಲ. ನಾನು "ಮಂಗಟ್ಟೆ" ಎಂದೆ. ಅವಳು ಮೂರು ಸಲ ಹೇಳಿ ನಾಲಗೆಗೆ ಕೂರಿಸಿಕೊಂಡಳು. ಅವಳಿಗೊಂದು ಪೆನ್ಸಿಲ್, ಲೆಡ್ಜರಿನ ನಾಲ್ಕು ಹಾಳೆ ಕೊಟ್ಟೆ. ಏನನ್ನೂ ಕಲಿಸಲಿಲ್ಲ. ಒಂದೇ ಮಾತು ಹೇಳಿದ್ದೆ: "ಕಂಡದ್ದನ್ನು ಬರಿ. ಕಾಣದ್ದನ್ನು ಬಿಡು."

ಮೇ ಕೊನೆಯಲ್ಲಿ ಅವರು ಊರಿಗೆ ಹೊರಟರು. ಹೊರಡುವ ಸಂಜೆ ಅವಳು ಆಫೀಸಿನ ಬಾಗಿಲಲ್ಲಿ ನಿಂತು, "ರೈಟ್ರೇ" ಎಂದು ಕರೆದು, ಮಡಿಸಿದ ಹಾಳೆಯೊಂದನ್ನು ಕೈಗಿತ್ತು ಓಡಿಹೋದಳು. ನನ್ನ ಹಳೆಯ ಬಣ್ಣದ ಪೆಟ್ಟಿಗೆಯನ್ನು ಅವಳ ಅಮ್ಮನ ಕೈಯಲ್ಲಿ ಕಳಿಸಿದೆ.

ಹಾಳೆ ಬಿಡಿಸಿದರೆ ತಾರೆಮರ. ಗಂಡು ಹಕ್ಕಿ ಸಣ್ಣದಾಗಿ ಒಂದು ಮೂಲೆಯಲ್ಲಿತ್ತು. ಮರದ ಕಾಂಡವನ್ನು ಅವಳು ಹಲಸಿನ ಹಣ್ಣು ಸೀಳಿದ ಹಾಗೆ ಸೀಳಿ ತೆರೆದಿದ್ದಳು. ಒಳಗೆ ಹೆಣ್ಣು ಮಂಗಟ್ಟೆ, ಮೈ ಕುಗ್ಗಿಸಿ ಕೂತಿತ್ತು. ಅದರ ಸುತ್ತ ಉದುರಿದ ಗರಿಗಳು, ಹೊಟ್ಟೆಯ ಕೆಳಗೆ ಎರಡು ಮರಿ. ಸೀಳಿನಿಂದ ಬಂದ ಬೆಳಕು ಒಂದು ಗೆರೆಯಾಗಿ ಕಣ್ಣಿನ ಮೇಲೆ ಮಾತ್ರ ಬಿದ್ದಿತ್ತು. ಅದರ ಕಾಲಿನ ಮುಂದಿನ ಬೆರಳುಗಳು ಬುಡದಲ್ಲಿ ಅಂಟಿಕೊಂಡಿದ್ದವು; ಅದನ್ನು ಅವಳು ಹೊರಗಿನ ಗಂಡಿನಲ್ಲಿ ನೋಡಿಕೊಂಡಿರಬೇಕು.

ಹತ್ತೊಂಬತ್ತು ದಿನ ಆ ಮರದ ಎದುರು ಕೂತ ನಾನು ಹೆಣ್ಣನ್ನು ಒಮ್ಮೆಯೂ ಬರೆದಿರಲಿಲ್ಲ, ಕಾಣುತ್ತಿರಲಿಲ್ಲವಲ್ಲ ಎಂದು.

ಈ ಬೇಸಿಗೆಯಲ್ಲಿ ಗಂಡು ಮತ್ತೆ ಅದೇ ಪೊಟರೆಗೆ ಬರುತ್ತಿದೆ. ದಪ್ಪ ಕಾಗದದ ಹಾಳೆಯೊಂದನ್ನು ತೆಗೆದು ತಾರೆಮರದ ಹೊರಗೆರೆ ಎಳೆದಿಟ್ಟಿದ್ದೇನೆ. ಒಳಗಿನ ಕತ್ತಲೆಗೆ ಅಲ್ಟ್ರಾಮರೀನ್ ಹೆಚ್ಚು ಮಾಡಿ ನೋಡಿದೆ, ತಣ್ಣಗಾಯಿತು. ಸಿಯೆನಾ ಹೆಚ್ಚು ಮಾಡಿದರೆ ಮಣ್ಣಿನ ಹಾಗಾಯಿತು. ನಿನ್ನೆ ಡಿಕಾಕ್ಷನ್ನಿಗೆ ಒಂದು ತೊಟ್ಟು ನೀಲಿ ಬೆರೆಸಿ ಮಳೆ ಪುಸ್ತಕದ ಷರಾ ಕಲಮಿನಲ್ಲಿ ಹಚ್ಚಿಟ್ಟಿದ್ದೇನೆ. ಇನ್ನೂ ಪೂರ್ತಿ ಒಣಗಿಲ್ಲ.